ಇಂಗಾಲ ವೇಗವರ್ಧಕಗಳ ಸಕ್ರಿಯ ತಾಣಗಳು

ಇಂಗಾಲದ ಮೇಲ್ಮೈಯಲ್ಲಿ ಆಮ್ಲಜನಕದ ಅಣು ಅಂಟಿಕೊಂಡು, ಎಲೆಕ್ಟ್ರಾನು ಪಡೆದು ನೀರಾಗುವ ಜಾಗವನ್ನು ಸಕ್ರಿಯ ತಾಣ ಎನ್ನುತ್ತಾರೆ. ಈ ಕ್ರಿಯೆ ಬೇಕಾಗುವುದು ಇಂಧನಕೋಶದಲ್ಲಿ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಿರ್ಲೋಸ್ಕರ್ ಮೋಟಾರ್, ವಾಹನ ಪರೀಕ್ಷಾ ಸಂಸ್ಥೆ ಐಕ್ಯಾಟ್‌ನೊಡನೆ 2022ರ ಮಾರ್ಚ್‌ನಲ್ಲಿ ಭಾರತದ ರಸ್ತೆಗಳಲ್ಲಿ ಪರೀಕ್ಷೆ ಆರಂಭಿಸಿದ ಮಿರಾಯ್ ಕಾರು ಜಲಜನಕದ ಇಂಧನಕೋಶದಿಂದ ಓಡುತ್ತದೆ. ಕೋಶದಲ್ಲಿ ಜಲಜನಕದ ಕಡೆಯ ಕ್ರಿಯೆ ಸಲೀಸು, ಆಮ್ಲಜನಕದ ಕಡೆಯದು ನಿಧಾನ. ಹಾಗಾಗಿ ಪ್ಲಾಟಿನಂನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಇಂಥ ಕೋಶಗಳಲ್ಲಿ ಇಂಗಾಲ ಪ್ಲಾಟಿನಂ ಕಣಗಳನ್ನು ಹೊತ್ತು ನಿಲ್ಲುವ ಆಸರೆ ಮಾತ್ರ. ಪ್ಲಾಟಿನಂ ಮಾಡುವ ಕೆಲಸವನ್ನೂ ಇಂಗಾಲವೇ ಮಾಡಬಲ್ಲದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಕೆಲಸ ನಡೆಯುವ ತಾಣ ಯಾವುದೆಂದು ಮೊದಲು ತೋರಿಸಬೇಕು.

ಕಥೆ ಶುರುವಾದದ್ದು ಲೋಹದಿಂದ. 1964ರಲ್ಲಿ ರೇಮಂಡ್ ಜಸಿನ್ಸ್ಕಿ, ಕೋಬಾಲ್ಟ್ ಥಾಲೋಸಯನಿನ್ ಕ್ಷಾರದಲ್ಲಿ ಆಮ್ಲಜನಕವನ್ನು ಅಪಕರ್ಷಿಸುತ್ತದೆಂದು ತೋರಿಸಿದರು. ಇಂಥ ಅಣುಗಳನ್ನು ಇಂಗಾಲದೊಡನೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬಾಳಿಕೆ ಹೆಚ್ಚುತ್ತದೆಂಬುದು ಮುಂದಿನ ದಶಕದಲ್ಲಿ ತಿಳಿಯಿತು. 1989ರಲ್ಲಿ ಅರ್ನೆಸ್ಟ್ ಯೇಗರ್ ಗುಂಪು ಆ ದುಬಾರಿ ಅಣುವೂ ಬೇಡ, ಪಾಲಿಅಕ್ರಿಲೋನೈಟ್ರೈಲ್, ಲೋಹದ ಲವಣ, ಇಂಗಾಲದ ಪುಡಿ ಸೇರಿಸಿ ಕಾಯಿಸಿದರೆ ಸಾಕೆಂದು ತೋರಿಸಿತು. ಆದರೆ ಕುಲುಮೆಯಿಂದ ಬಂದ ಕಪ್ಪು ಪುಡಿಯಲ್ಲಿ ಮೂಲ ಅಣು ಗುರುತು ಸಿಗದಂತಾಗಿರುತ್ತದೆ. ಒಂಟಿ ಕಬ್ಬಿಣದ ಪರಮಾಣು ನಾಲ್ಕು ಸಾರಜನಕಗಳ ನಡುವೆ ಕೂತಿರಬಹುದು, ಪಕ್ಕದಲ್ಲೇ ಲೋಹದ ಉಂಡೆಗಳೂ ಕಾರ್ಬೈಡ್ ಕಣಗಳೂ ಇರಬಹುದು. ಮೊದಲನೆಯದೇ ಮುಖ್ಯ ತಾಣ ಎಂಬುದರ ಕಡೆಗೆ ಈಗಿನ ಪುರಾವೆ ವಾಲುತ್ತದೆ.

ಲೋಹವೇ ಇಲ್ಲದ ಇಂಗಾಲದ ಮಾತು ಇದಕ್ಕಿಂತ ಜಟಿಲ. 2009ರಲ್ಲಿ ಲಿಮಿಂಗ್ ದಾಯ್ ಗುಂಪು, ಸಾರಜನಕ ಸೇರಿಸಿದ ನ್ಯಾನೊನಳಿಕೆಗಳು ಕ್ಷಾರದಲ್ಲಿ ಪ್ಲಾಟಿನಂ ಅನ್ನೂ ಮೀರಿಸುತ್ತವೆಂದು ವರದಿ ಮಾಡಿತು. 2013ರಲ್ಲಿ ಮಾರ್ಟಿನ್ ಪುಮೆರಾ ಗುಂಪು ಲೋಹವಿಲ್ಲದ್ದೆಂದು ಹೇಳಿದ ಗ್ರಾಫೀನನ್ನೇ ಪರೀಕ್ಷಿಸಿತು: ಅದನ್ನು ತಯಾರಿಸುವಾಗ ಗ್ರಾಫೈಟನ್ನು ಉತ್ಕರ್ಷಿಸಲು ಬಳಸಿದ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟುಹೋದ ಮ್ಯಾಂಗನೀಸಿನ ಅತ್ಯಲ್ಪ ಅಂಶವೇ ಕ್ರಿಯೆಗೆ ಕಾರಣವಾಗಬಲ್ಲದು. ನನ್ನ ತೂಕದಲ್ಲಿ ಈ ಆಕ್ಷೇಪ ಅತಿ ಮುಖ್ಯವಾದದ್ದು. ಆದರೂ ಅದು ಎಲ್ಲವನ್ನೂ ಅಳಿಸುವುದಿಲ್ಲ. 2016ರಲ್ಲಿ ಜಪಾನಿನ ತ್ಸುಕುಬಾದ ಜುಂಜಿ ನಕಮುರಾ ಗುಂಪು ಪುಡಿಯನ್ನು ಬಿಟ್ಟು ಚೊಕ್ಕ ಗ್ರಾಫೈಟಿನ ಹಾಳೆ ಹಿಡಿಯಿತು. ಅಂಚಿನಲ್ಲಿ ಎರಡೇ ಇಂಗಾಲಗಳಿಗೆ ಕಟ್ಟಿಕೊಂಡ ಪಿರಿಡಿನಿಕ್ ಸಾರಜನಕ ಹೆಚ್ಚಿದಷ್ಟೂ ಆಮ್ಲದಲ್ಲಿ ಕ್ರಿಯೆ ಹೆಚ್ಚಿತು. ಅವರ ತೀರ್ಮಾನದಂತೆ ತಾಣ ಸಾರಜನಕವಲ್ಲ, ಅದರ ನೆರೆಯ ಇಂಗಾಲ. ಹಾಳೆಯ ಒಳಗಿನ, ಮೂರು ಇಂಗಾಲಗಳಿಗೆ ಕಟ್ಟಿದ ಸಾರಜನಕವೇ ಮುಖ್ಯವೆನ್ನುವವರೂ ಇದ್ದಾರೆ.

ವಿದ್ಯುತ್ ಬಂದರೆ ಸಾಕು, ತಾಣದ ವಿಳಾಸ ಯಾಕೆ ಎಂದು ಕೇಳಬಹುದು. ತಾಣ ತಿಳಿಯದಿದ್ದರೆ ಅದರ ಸಂಖ್ಯೆ ಹೆಚ್ಚಿಸಲೂ ಆಗದು, ಸಾಯುವುದನ್ನು ತಡೆಯಲೂ ಆಗದು. ನೀರಿನಿಂದ ಆಮ್ಲಜನಕ ಬಿಡಿಸುವ ಹಿಮ್ಮುಖ ಕ್ರಿಯೆಯಲ್ಲಿ ತಾಣದ ಈ ಸಾವು ಎದ್ದು ಕಾಣುತ್ತದೆ. ಅದಕ್ಕೆ 1.23 ವೋಲ್ಟ್‌ಗಿಂತ ಹೆಚ್ಚು ಬೇಕು. ಉಷ್ಣಗತಿಶಾಸ್ತ್ರದ ಲೆಕ್ಕದಲ್ಲಿ ಇಂಗಾಲ 0.21 ವೋಲ್ಟ್ ದಾಟಿದರೇ ಉತ್ಕರ್ಷಣಗೊಳ್ಳಬಹುದು, ನಿಧಾನಗತಿ ಮಾತ್ರ ಅದನ್ನು ಕಾಪಾಡುತ್ತದೆ. ಕಾರಿನ ಇಂಧನಕೋಶವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವಾಗಲೂ ಆಮ್ಲಜನಕದ ವಿದ್ಯುದ್ವಾರ ಕ್ಷಣಕಾಲ ಸುಮಾರು 1.5 ವೋಲ್ಟ್‌ಗೆ ಏರಬಹುದು. ಆಗ ಸವೆಯುವುದು ಅಂಚಿನ ಇಂಗಾಲ, ಪಿರಿಡಿನಿಕ್ ಸಾರಜನಕದ ಪಕ್ಕದ್ದೇ.