ಕೈಟಿಪ್ಪಣಿಯೂ ಕೃತಕ ಬುದ್ಧಿಯ ಓದುಗನೂ

ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ ಅವರು 1945ರ ಜುಲೈ ತಿಂಗಳ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದರು. ಮೇಜಿನಾಕಾರದ ಆ ಯಂತ್ರದಲ್ಲಿ ಒಬ್ಬನ ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲವೂ ಮೈಕ್ರೋಫಿಲ್ಮಿನಲ್ಲಿ ಅಡಕವಾಗಿರತಕ್ಕದ್ದು. ಸಂಬಂಧವುಳ್ಳ ಪುಟಗಳನ್ನು ಸರಣಿಯಾಗಿ ಪೋಣಿಸಿ, ಅದರ ಪ್ರತಿಯನ್ನು ಮಿತ್ರನಿಗೆ ಕೊಡಬಹುದೆಂದೂ ಅವರು ಬರೆದರು. ನನಗೆ ಇದೇ ಮುಖ್ಯವೆನಿಸುತ್ತದೆ: ಒಡೆಯನು ಆಯ್ದು ಕೊಡುತ್ತಾನೆ; ಉಳಿದದ್ದು ಮೇಜಿನೊಳಗೇ ಇರುತ್ತದೆ.

ಆ ಯಂತ್ರವು ನಿರ್ಮಾಣವಾಗಲಿಲ್ಲ. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿದ ಮೇಲೆ, ಕೃತಕ ಬುದ್ಧಿಯ ‘ಏಜೆಂಟ್’ ನಮ್ಮ ಕಡತಗಳನ್ನು ಓದುವುದಕ್ಕೆ ಸಾಮಾನ್ಯ ಮಾರ್ಗವೊಂದು ಏರ್ಪಟ್ಟಿತು. ‘ಅಬ್ಸಿಡಿಯನ್’ ತಂತ್ರಾಂಶದಲ್ಲಿ ಬರೆದು ಸ್ವಂತ ಗಣಕದಲ್ಲಿರಿಸಿದ ಟಿಪ್ಪಣಿಗಳಿಗೂ ಅದು ತಲುಪಿತು. ಹತ್ತು ವರ್ಷಗಳ ಬರಹದಿಂದ ಬೇಕಾದುದು ಕ್ಷಣದಲ್ಲಿ ದೊರೆಯುವುದೆಂಬುದು ಸಣ್ಣ ಲಾಭವಲ್ಲ. ಆದರೆ ಏಜೆಂಟಿನ ಬುದ್ಧಿಯು ದೂರದ ಗಣಕದಲ್ಲಿದ್ದರೆ, ಓದಿದ ಪುಟವೂ ಅಲ್ಲಿಗೆ ಹೋಗುತ್ತದೆ.

ವರ್ತಕರಾದ ನಾವು ಲೆಕ್ಕ ಪರಿಶೋಧಕನಿಗೆ ಖಾತೆ ಪುಸ್ತಕವನ್ನು ಒಪ್ಪಿಸುತ್ತೇವೆ, ದಿನಚರಿಯನ್ನಲ್ಲ. ದಿನಚರಿಯಲ್ಲಿ ಸಾಲ ಕೇಳಿದ ಬಂಧುವಿನ ಹೆಸರಿರುತ್ತದೆ, ನೆರೆಯವರ ರೋಗದ ವಿಷಯವಿರುತ್ತದೆ. ಅನುಮತಿ ಕೊಡುವವರು ನಾವು, ಅವರನ್ನು ಕೇಳಿದವರಾರು? ಕೊಡತಕ್ಕದ್ದನ್ನು ಪ್ರತ್ಯೇಕ ಕೋಶದಲ್ಲಿರಿಸಿ, ಅದೊಂದನ್ನೇ ತೆರೆದು, ಓದುವುದಕ್ಕಷ್ಟೇ ಅವಕಾಶವೀಯುವ ಏರ್ಪಾಡು ಸಾಧ್ಯವಿದೆ. ಬುಷ್ ಹೇಳಿದ ಆಯ್ಕೆ ಅಲ್ಲಿ ಉಳಿಯುತ್ತದೆ.