ಕತ್ತಿವರಸೆ: ಸ್ಪರ್ಧಾ ತಂತ್ರ ಮತ್ತು ಅಂಗಸಾಧನೆ

ಫೆನ್ಸಿಂಗ್ ಎಂದು ಹೆಸರಾದ ಸ್ಪರ್ಧಾ ಕತ್ತಿವರಸೆ 1896ರ ಅಥೆನ್ಸ್ ಕೂಟದಿಂದಲೂ ಒಲಿಂಪಿಕ್ಸ್‌ನಲ್ಲಿದೆ. ಇದರಲ್ಲಿ ಫಾಯಿಲ್, ಎಪೆ, ಸೇಬರ್ ಎಂಬ ಮೂರು ಆಯುಧಗಳಿವೆ. ಆಟ ನಡೆಯುವ ಪಟ್ಟಿಯಾದ ಪಿಸ್ಟ್‌ನ ಉದ್ದ 14 ಮೀಟರ್. ನಾಗಸಂದ್ರದಂಥ ಬೆಂಗಳೂರು ಬಡಾವಣೆಯಲ್ಲಿ 30×40 ಅಡಿಯ ನಿವೇಶನದ ಉದ್ದನೆಯ ಬದಿಯೂ 12 ಮೀಟರ್ ಆಸುಪಾಸಿನದು. ಪೂರ್ತಿ ಪಿಸ್ಟ್ ಹಾಸಲು ಸಭಾಂಗಣವೇ ಬೇಕು. ಹೆಜ್ಜೆಯ ಅಭ್ಯಾಸಕ್ಕಾದರೆ ಮನೆಯ ತಾರಸಿ ಸಾಕು, ಮತ್ತು ಈ ಕ್ರೀಡೆಯಲ್ಲಿ ಹೆಜ್ಜೆಯೇ ಮುಖ್ಯ. ನೋಡುಗರ ಕಣ್ಣು ಕೈಯ ಮೇಲಿರುತ್ತದೆ, ಅಂಕ ಹುಟ್ಟುವುದು ಕಾಲಿನಲ್ಲಿ.

ತಂತ್ರದ ಮೂಲ ಅಂತರ. ಎದುರಾಳಿಯ ಕೈಚಾಚಿಗೆ ತುಸುವೇ ಎಟುಕದಂತೆ ನಿಂತು, ಅವನನ್ನು ಆತುರದ ದಾಳಿಗೆ ಎಳೆದು, ತಡೆದು ಮರುಹೊಡೆತ ಕೊಡುವುದು ಹಳೆಯ ಪಟ್ಟು. ಸೋಲಲೆಂದೇ ಹುಸಿದಾಳಿ ಮಾಡಿ, ಅದಕ್ಕೆ ಬರುವ ಉತ್ತರವನ್ನು ಹೊಡೆಯುವುದು ಇದರ ಮುಂದಿನ ಮೆಟ್ಟಿಲು. ಆಯುಧ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಎಪೆಯಲ್ಲಿ ಇಡೀ ಮೈಯೇ ಗುರಿ. ಇಬ್ಬರ ಹೊಡೆತವೂ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಬಿದ್ದರೆ ಇಬ್ಬರಿಗೂ ಅಂಕ. ಹೀಗಾಗಿ ಮುನ್ನಡೆಯಲ್ಲಿರುವವನಿಗೆ ಜೋಡಿ ಹೊಡೆತವೂ ಲಾಭವೇ. ಫಾಯಿಲ್, ಸೇಬರ್‌ಗಳಲ್ಲಿ ದಾಳಿಯ ಹಕ್ಕು ಯಾರದೆಂದು ತೀರ್ಪುಗಾರ ನಿರ್ಧರಿಸುತ್ತಾನೆ. ಮೊದಲು ಮುನ್ನುಗ್ಗಿದವನಿಗೆ ಆದ್ಯತೆ.

ಚೆನ್ನೈನ ಭವಾನಿ ದೇವಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಫೆನ್ಸರ್. 2021ರಲ್ಲಿ ಟೋಕಿಯೊದಲ್ಲಿ ಟುನೀಷಿಯಾದ ನಾದಿಯಾ ಬೆನ್ ಅಜೀಜಿಯನ್ನು 15–3ರಿಂದ ಮಣಿಸಿದ ಅವರು, ಮುಂದಿನ ಸುತ್ತಿನಲ್ಲಿ ಫ್ರಾನ್ಸ್‌ನ ಮನೋನ್ ಬ್ರೂನೆಗೆ 7–15ರಿಂದ ಸೋತರು. ಅವರ ಆಯುಧವಾದ ಸೇಬರ್‌ನಲ್ಲಿ ಒಬ್ಬರು 8 ಅಂಕ ಮುಟ್ಟಿದೊಡನೆ ಒಂದು ನಿಮಿಷದ ವಿರಾಮ ಸಿಗುತ್ತದೆ. ಬ್ರೂನೆ ಎದುರಿನ ಪಂದ್ಯದಲ್ಲಿ ವಿರಾಮದ ಹೊತ್ತಿಗೆ ಅಂಕ 2–8. ಅನಂತರದ ಭಾಗವನ್ನಷ್ಟೇ ಎಣಿಸಿದರೆ 5–7. ವಿರಾಮದಾಚೆಯ ಈ ಚೇತರಿಕೆ ಒಟ್ಟು ಅಂಕದಲ್ಲಿ ಕಾಣುವುದಿಲ್ಲ. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಮಿಸಾಕಿ ಎಮುರಾರನ್ನು ಸೋಲಿಸಿ ಕಂಚು ಗೆದ್ದರು.

ಅಂಗಸಾಧನೆಯ ಕೇಂದ್ರ ಲಂಜ್, ಅಂದರೆ ಹಿಂಗಾಲಿನಿಂದ ಮೈ ಚಿಮ್ಮಿಸಿ ಮುಂಗಾಲಿನ ಮೇಲೆ ಇಳಿಯುವ ದಾಳಿ. ಹಿಂಗಾಲಿಗೆ ಸ್ಫೋಟಕ ಶಕ್ತಿ ಬೇಕು. ಮುಂಗಾಲಿನ ತೊಡೆಗೆ ಬ್ರೇಕ್ ಹಾಕುವ ಬಲ ಬೇಕು, ಇಲ್ಲದಿದ್ದರೆ ಗುರಿ ತಪ್ಪಿದ ದಾಳಿಯಿಂದ ಹಿಂದಕ್ಕೆ ಬರುವಷ್ಟರಲ್ಲಿ ಏಟು ಬಿದ್ದಿರುತ್ತದೆ. ನಮ್ಮ ಗರಡಿಮನೆಯ ಬಸ್ಕಿ ಎರಡೂ ಕಾಲಿಗೆ ಸಮನಾಗಿ ಭಾರ ಹೊರಿಸುವ ಉತ್ತಮ ತಳಹದಿ. ಆದರೆ ಅದೊಂದೇ ಸಾಲದು: ಫೆನ್ಸರ್‌ನ ಮೈ ವರ್ಷಗಟ್ಟಲೆ ಒಂದೇ ಮಗ್ಗುಲಿಗೆ ದುಡಿಯುವುದರಿಂದ ಒಂಟಿಗಾಲಿನ ವ್ಯಾಯಾಮ, ತೊಡೆಸಂದಿನ ಸ್ನಾಯುಗಳ ಬಲವರ್ಧನೆ, ಎದುರು ಮಗ್ಗುಲಿನ ಅಭ್ಯಾಸ ಅಗತ್ಯ.

ದೀರ್ಘ ಓಟವೊಂದನ್ನೇ ನೆಚ್ಚುವುದು ತಪ್ಪು. ಸೇಬರ್‌ನ ಒಂದು ಸೆಣಸು ಕೆಲವೇ ಸೆಕೆಂಡಿನದು; ಎಪೆಯ ನಾಕೌಟ್ ಪಂದ್ಯ 3 ನಿಮಿಷಗಳ 3 ಅವಧಿಗೆ ಹಿಗ್ಗಬಹುದು. ಚಿಕ್ಕ ವೇಗದ ಓಟ, ನಡುವೆ ಅಳೆದ ವಿಶ್ರಾಂತಿ, ಮತ್ತೆ ಓಟ ಎಂಬ ಕ್ರಮ ಆಟಕ್ಕೆ ಹತ್ತಿರ. ಸ್ಪರ್ಧೆಯ ದಿನ 5 ಅಂಕಗಳ ಗುಂಪು ಪಂದ್ಯಗಳಾಗಿ, ಕಾದು, 15 ಅಂಕಗಳ ಸುತ್ತುಗಳಿಗೆ ಇಳಿಯಬೇಕು. ದಪ್ಪ ಜಾಕೆಟ್ ಮತ್ತು ಮುಖಗವಸಿನೊಳಗೆ ಬೆವರು ಹರಿಯುವುದರಿಂದ ನೀರು, ಲಘು ಆಹಾರ, ಪ್ರತಿ ಸುತ್ತಿಗೂ ಮುನ್ನ ಮತ್ತೆ ಮೈ ಬಿಸಿ ಮಾಡಿಕೊಳ್ಳುವುದು ತರಬೇತಿಯ ಭಾಗವೇ ಆಗಿರುತ್ತದೆ. ದಣಿದ ಕಾಲು ಮೊದಲು ಕೆಡಿಸುವುದು ಅಂತರವನ್ನು. ಕೈಯ ತಡೆ ತಡವಾಗುವುದು ಅದರ ಪರಿಣಾಮ.