ಚೇತಕ್‌ಗೆ ಕಾದ ಊರು

2021ರ ಏಪ್ರಿಲ್ 13ರಂದು ಯುಗಾದಿ. ಮಹಾರಾಷ್ಟ್ರದಲ್ಲಿ ಅದೇ ದಿನ ಗುಡಿ ಪಾಡ್ವಾ. ಅಂದು ಬಜಾಜ್ ಆಟೋ ತನ್ನ ವಿದ್ಯುತ್ ಚೇತಕ್ ಸ್ಕೂಟರಿನ ಬುಕಿಂಗನ್ನು ಪುಣೆ ಮತ್ತು ಬೆಂಗಳೂರಿನಲ್ಲಿ ಮತ್ತೆ ತೆರೆಯಿತು. 48 ಗಂಟೆಯೊಳಗೆ ಅದನ್ನು ಮುಚ್ಚಬೇಕಾಯಿತು. ತಯಾರಿಸಲು ಸಾಧ್ಯವಿದ್ದಷ್ಟಕ್ಕಿಂತ ಹೆಚ್ಚು ಜನ ಹೆಸರು ಬರೆಸಿದ್ದರು.

ಪುಣೆಯ ಹಿರಿಯರಿಗೆ ಇದು ಹೊಸದೇನಲ್ಲ. ಇದೇ ಹೆಸರಿನ ಪೆಟ್ರೋಲ್ ಸ್ಕೂಟರ್ 1972ರಲ್ಲಿ ಇದೇ ಊರಿನ ಆಕುರ್ಡಿ ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೂ ಜನ ಕಾದಿದ್ದರು, ಆದರೆ ವರ್ಷಗಟ್ಟಲೆ. ಒಂದು ಕಾರ್ಖಾನೆ ಎಷ್ಟು ಸ್ಕೂಟರ್ ಮಾಡಬಹುದು ಎಂಬುದನ್ನು ಆಗ ದಿಲ್ಲಿಯ ಲೈಸೆನ್ಸ್ ನಿರ್ಧರಿಸುತ್ತಿತ್ತು. ಬೇಡಿಕೆ ಎಷ್ಟೇ ಇರಲಿ, ಲೈಸೆನ್ಸಿನ ಸಂಖ್ಯೆ ದಾಟುವಂತಿರಲಿಲ್ಲ. ಬುಕ್ ಮಾಡಿದವರ ಪಾಳಿ ಬರಲು ಹತ್ತು ವರ್ಷ ಹಿಡಿದದ್ದೂ ಉಂಟು. ಹೊಸ ಸ್ಕೂಟರಿಗಿಂತ ಕೈಗೆ ತಕ್ಷಣ ಸಿಗುವ ಹಳೆಯದಕ್ಕೇ ಹೆಚ್ಚು ಬೆಲೆ. ಮದುವೆಯ ಮಾತುಕತೆಯಲ್ಲಿ ಬುಕಿಂಗ್ ಚೀಟಿಗೂ ತೂಕವಿದ್ದ ಕಾಲ ಅದು.

ಅಂದು ಸ್ಕೂಟರ್ ಕೊಳ್ಳುವವರನ್ನು ತಡೆದು ನಿಲ್ಲಿಸಿದ ಸರ್ಕಾರವೇ ಮುಂದೆ ಸ್ಕೂಟರ್ ಕೊಳ್ಳಿರೆಂದು ಹಣ ಕೊಡಲು ನಿಂತಿತು. ಭಾರತದ ವಿದ್ಯುತ್ ವಾಹನ ಸಬ್ಸಿಡಿಯ ಇತಿಹಾಸ ಈ ತಿರುವಿನ ಕತೆ. ಆದರೆ ಅದು ನೇರ ರಸ್ತೆಯಲ್ಲ. ಕೊಡುವುದು, ನಿಲ್ಲಿಸುವುದು, ಮತ್ತೆ ಕೊಡುವುದು, ಮತ್ತೆ ಕಡಿಮೆ ಮಾಡುವುದು ಹೀಗೇ ಅದು ಸಾಗಿದೆ.

ಬೆಂಗಳೂರಿನ ರೇವಾ ಕಾರು ರಸ್ತೆಗೆ ಇಳಿದದ್ದು 2001ರಲ್ಲಿ. ಕೊಳ್ಳುವವರಿಗೆ ಕೇಂದ್ರದಿಂದ ನೇರ ನೆರವು ಸಿಗಲು 2010ರ ನವೆಂಬರ್ ಬರಬೇಕಾಯಿತು. ನವೀಕರಿಸಬಹುದಾದ ಇಂಧನ ಸಚಿವಾಲಯ 95 ಕೋಟಿ ರೂಪಾಯಿಯ ಯೋಜನೆಯೊಂದನ್ನು ತಂದು, ವಾಹನದ ಕಾರ್ಖಾನೆ ಬೆಲೆಯ ಶೇ 20ರಷ್ಟನ್ನು ಕೊಡುವುದಾಗಿ ಹೇಳಿತು. ಮಿತಿಯೂ ಇತ್ತು. ನಿಧಾನ ಓಡುವ ಸ್ಕೂಟರಿಗೆ 4,000, ವೇಗದ ಸ್ಕೂಟರಿಗೆ 5,000, ಕಾರಿಗೆ 1 ಲಕ್ಷ ರೂಪಾಯಿ. 2012ರ ಮಾರ್ಚ್ ಕೊನೆಗೆ ಯೋಜನೆಯ ಅವಧಿ ಮುಗಿಯಿತು. ಮುಂದಿನದು ಸಿದ್ಧವಿರಲಿಲ್ಲ. ಮಾರಾಟ ಕುಸಿದು ಹಲವು ಸಣ್ಣ ಕಂಪನಿಗಳು ಬಾಗಿಲು ಹಾಕಿದವು. 2013ರ ಜನವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ರಾಷ್ಟ್ರೀಯ ವಿದ್ಯುತ್ ಸಂಚಾರ ಯೋಜನೆ ಪ್ರಕಟಿಸಿ, 2020ರೊಳಗೆ 60ರಿಂದ 70 ಲಕ್ಷ ವಾಹನಗಳ ಗುರಿ ಇಟ್ಟರು. ಹಣ ಹರಿಯತೊಡಗಿದ್ದು 2015ರ ಏಪ್ರಿಲ್‌ನಲ್ಲಿ, ಫೇಮ್ ಎಂಬ ಹೆಸರಿನಲ್ಲಿ. ನಡುವೆ ಮೂರು ವರ್ಷ ಖಾಲಿ ಹೋಗಿದ್ದವು.

ಮೊದಲ ಫೇಮ್ ಯಾರಿಗೆ ಕೊಡಬೇಕು ಎಂಬುದನ್ನು ಕಲಿಯುತ್ತಲೇ ಕಳೆಯಿತು. ಡೀಸೆಲ್ ಎಂಜಿನ್ನಿಗೆ ಸಣ್ಣ ಬ್ಯಾಟರಿ ಜೋಡಿಸಿದ ಕಾರುಗಳಿಗೂ ಆರಂಭದಲ್ಲಿ ನೆರವು ಸಿಗುತ್ತಿತ್ತು. 2017ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಲಾಯಿತು. ಸೀಸದ ಬ್ಯಾಟರಿಯ ಸ್ಕೂಟರುಗಳನ್ನು ಪಟ್ಟಿಯಿಂದ ತೆಗೆದದ್ದು ಮರುವರ್ಷ.

ಇದೇ ಹೊತ್ತಿಗೆ ಹಣಕ್ಕಿಂತ ದೊಡ್ಡ ಅಡ್ಡಿಯೊಂದು ಕಾಗದದ ಮೇಲೆ ನಿವಾರಣೆಯಾಯಿತು. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ಮಾರುವವರಿಗೆ ಪರವಾನಗಿ ಬೇಕು. ಅಂಗಡಿಯ ಮುಂದೆ ಚಾರ್ಜರ್ ಇಟ್ಟು ಹಣ ಪಡೆಯುವುದು ವಿದ್ಯುತ್ ಮಾರಾಟವೇ? ಹೌದು ಎಂದಾದರೆ ಬೀದಿಗೊಂದು ಚಾರ್ಜಿಂಗ್ ಕೇಂದ್ರ ಕನಸಾಗಿಯೇ ಉಳಿಯುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಅದು ಮಾರಾಟವಲ್ಲ, ಸೇವೆ ಎಂದು ಸ್ಪಷ್ಟಪಡಿಸಿತು. ಪರವಾನಗಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸ್ಕೂಟರಿನ ಲೈಸೆನ್ಸಿಗಾಗಿ ದಶಕಗಟ್ಟಲೆ ಕಾದ ದೇಶದಲ್ಲಿ ಇದು ಸಣ್ಣ ಮಾತಲ್ಲ.

2019ರ ಏಪ್ರಿಲ್ 1ರಂದು ಎರಡನೆಯ ಫೇಮ್ ಜಾರಿಗೆ ಬಂತು. ಮೊತ್ತ 10,000 ಕೋಟಿ ರೂಪಾಯಿ, ಅದರಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ 1,000 ಕೋಟಿ. ಅದೇ ವರ್ಷದ ಆಗಸ್ಟ್‌ನಲ್ಲಿ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸಬ್ಸಿಡಿಯನ್ನು ಬ್ಯಾಟರಿಯ ಸಾಮರ್ಥ್ಯಕ್ಕೆ ಕಟ್ಟಲಾಗಿತ್ತು. ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್, ಲೆಕ್ಕದ ಅಳತೆ. ಖಾಸಗಿ ಕಾರುಗಳಿಗೆ ಈ ಹಣ ಇರಲಿಲ್ಲ. ಅದು ದ್ವಿಚಕ್ರ, ತ್ರಿಚಕ್ರ, ಬಸ್ಸು ಮತ್ತು ಬಾಡಿಗೆ ಕಾರುಗಳಿಗೆ ಮೀಸಲು.

ಕಾರ್ಖಾನೆ ಬೆಲೆ 1 ಲಕ್ಷ ರೂಪಾಯಿ, ಬ್ಯಾಟರಿ 3 ಯೂನಿಟ್ ಇರುವ ಸ್ಕೂಟರೊಂದನ್ನು ಉದಾಹರಣೆಗೆ ತೆಗೆದುಕೊಂಡರೆ ಮುಂದಿನ ಆರು ವರ್ಷ ಅಂಗೈಯಲ್ಲಿ ಕಾಣುತ್ತದೆ. 2019ರಲ್ಲಿ ಯೂನಿಟ್ಟಿಗೆ 10,000, ಆದರೆ ಬೆಲೆಯ ಶೇ 20 ಮೀರುವಂತಿಲ್ಲ, ಹಾಗಾಗಿ ಸಿಗುವುದು 20,000. 2021ರ ಜೂನ್‌ನಲ್ಲಿ ಯೂನಿಟ್ಟಿಗೆ 15,000, ಮಿತಿ ಶೇ 40, ಸಿಗುವುದು 40,000. 2023ರ ಜೂನ್ 1ರಿಂದ ಮಿತಿ ಶೇ 15ಕ್ಕೆ ಇಳಿದು, ಸಿಗುವುದು 15,000. 2024ರ ಏಪ್ರಿಲ್‌ನಲ್ಲಿ 10,000. 2025ರ ಏಪ್ರಿಲ್‌ನಿಂದ 5,000. ಸ್ಕೂಟರ್ ಅದೇ, ಕೊಂಡ ತಿಂಗಳಷ್ಟೇ ಬೇರೆ. 2023ರ ಮೇ ತಿಂಗಳಲ್ಲಿ ದೇಶದಲ್ಲಿ ನೋಂದಣಿಯಾದ ವಿದ್ಯುತ್ ದ್ವಿಚಕ್ರಗಳು ಒಂದು ಲಕ್ಷ ದಾಟಿದ್ದವು. ಜೂನ್‌ನಲ್ಲಿ ಅವು ಅರ್ಧಕ್ಕಿಂತ ಕೆಳಗೆ ಬಿದ್ದವು.

ಈ ಹಣ ಕೊಳ್ಳುವವರ ಕೈಗೆ ನೇರವಾಗಿ ಬರುವುದಲ್ಲ. ಕಂಪನಿ ಬೆಲೆ ಇಳಿಸಿ ಮಾರುತ್ತದೆ, ಆಮೇಲೆ ಸರ್ಕಾರದಿಂದ ವಸೂಲು ಮಾಡಿಕೊಳ್ಳುತ್ತದೆ. ಹಾಗಾಗಿ ವಾಹನ ನಿಯಮದಂತೆ ಇದೆಯೇ ಎಂದು ನೋಡಿ ಹೇಳುವವರೊಬ್ಬರು ಬೇಕು. ಆ ಕೆಲಸದ ದೊಡ್ಡ ಪಾಲು ನಡೆಯುವುದು ಪುಣೆಯ ವೇತಾಳ ಗುಡ್ಡದ ಮೇಲೆ, 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಸಂಸ್ಥೆಯಲ್ಲಿ. ಬಿಡಿಭಾಗಗಳು ಹಂತಹಂತವಾಗಿ ಭಾರತದಲ್ಲೇ ತಯಾರಾಗಬೇಕೆಂಬುದು ಫೇಮ್‌ನ ಷರತ್ತಾಗಿತ್ತು. ಕೆಲವು ಕಂಪನಿಗಳು ಅದನ್ನು ಮುರಿದವೆಂದು ಸರ್ಕಾರ ಹಣ ತಡೆಹಿಡಿಯಿತು, ಕೊಟ್ಟದ್ದನ್ನು ಮರಳಿ ಕೇಳಿತು. ಬೆಲೆಯ ಮಿತಿಯೊಳಗೆ ಉಳಿಯಲು ಚಾರ್ಜರಿನ ದುಡ್ಡನ್ನು ಪ್ರತ್ಯೇಕವಾಗಿ ವಸೂಲು ಮಾಡಿದ್ದ ಕಂಪನಿಗಳು 2023ರಲ್ಲಿ ಅದನ್ನು ಗ್ರಾಹಕರಿಗೆ ಹಿಂತಿರುಗಿಸಲು ಒಪ್ಪಬೇಕಾಯಿತು.

ಅದಕ್ಕಿಂತ ಗಂಭೀರವಾದ ಪ್ರಶ್ನೆ ಎದ್ದದ್ದೂ ಪುಣೆಯಲ್ಲೇ. 2022ರ ಮಾರ್ಚ್ ಕೊನೆಯಲ್ಲಿ ಲೋಹೆಗಾಂವ್ ಭಾಗದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ವಿದ್ಯುತ್ ಸ್ಕೂಟರ್ ಹೊತ್ತಿ ಉರಿಯಿತು. ಆ ವಿಡಿಯೋ ದೇಶವೆಲ್ಲ ನೋಡಿತು. ಅದೇ ದಿನಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಸ್ಕೂಟರಿನ ಬೆಂಕಿಯಿಂದ ತಂದೆ ಮಗಳು ತೀರಿಕೊಂಡರು. ಕೇಂದ್ರ ತನಿಖೆಗೆ ಆದೇಶಿಸಿತು. ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡ ಬಿಗಿಯಾಗಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಹೀಗೆ ಎರಡು ಹಂತಗಳಲ್ಲಿ ಜಾರಿಗೆ ಬಂತು. ಆ ಹೊತ್ತಿಗೆ ಸಬ್ಸಿಡಿ ಪಡೆದ ಲಕ್ಷಾಂತರ ಸ್ಕೂಟರುಗಳು ಆಗಲೇ ಮನೆಗಳ ಮುಂದೆ ನಿಂತಿದ್ದವು.

ಸಾರ್ವಜನಿಕ ಹಣ ಹೆಚ್ಚು ಜನರನ್ನು ತಲುಪಿದ್ದು ಬಸ್ಸಿನ ಮೂಲಕ. 2019ರ ಫೆಬ್ರುವರಿಯಲ್ಲಿ ಪುಣೆ ಮಹಾನಗರ ಪರಿವಹನ್ ಸಂಸ್ಥೆ, ಊರವರ ಬಾಯಲ್ಲಿ ಪಿಎಂಪಿಎಂಎಲ್, 9 ಮೀಟರ್ ಉದ್ದದ 25 ವಿದ್ಯುತ್ ಬಸ್ಸುಗಳನ್ನು ಇಳಿಸಿತು. ಆಮೇಲೆ ಬಿಆರ್‌ಟಿ ಹಾದಿಗೆ 12 ಮೀಟರಿನವು ಬಂದವು. ಬಸ್ಸು ಕಂಪನಿಯದೇ, ಚಾಲಕರೂ ಕಂಪನಿಯವರೇ. ಸಂಸ್ಥೆ ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ. ಡೀಸೆಲ್ ಬಸ್ಸಿಗಿಂತ ಬಲು ದುಬಾರಿಯಾದ ಬಸ್ಸಿನ ಬೆಲೆಯನ್ನು ಒಮ್ಮೆಗೇ ತೆರುವ ಶಕ್ತಿ ನಗರ ಸಾರಿಗೆಗಳಿಗೆ ಇಲ್ಲದ್ದರಿಂದ ಈ ದಾರಿ. ಫೇಮ್ ಎರಡರಲ್ಲಿ ಬಸ್ಸಿಗೆ ಯೂನಿಟ್ಟಿಗೆ 20,000 ರೂಪಾಯಿ ಸಿಕ್ಕದ್ದೂ ಇಂಥ ಗುತ್ತಿಗೆಗಳಿಗೆ ಮಾತ್ರ. 2022ರ ಮಾರ್ಚ್ 6ರಂದು ಪ್ರಧಾನಿ ನರೇಂದ್ರ ಮೋದಿ ಪುಣೆಯಲ್ಲಿ 100 ವಿದ್ಯುತ್ ಬಸ್ಸುಗಳನ್ನೂ ಬಾಣೇರ್‌ನ ಡಿಪೋವನ್ನೂ ಉದ್ಘಾಟಿಸಿದರು. ಅದೇ ದಿನ ಮೈಸೂರಿನ ಆರ್.ಕೆ. ಲಕ್ಷ್ಮಣರ ಹೆಸರಿನ ಕಲಾ ಸಂಗ್ರಹಾಲಯವೂ ತೆರೆಯಿತು. ಬಸ್ಸಿಗೆ ಕಾಯುವ ಶ್ರೀಸಾಮಾನ್ಯನನ್ನು ಅವರಷ್ಟು ಬಲ್ಲವರು ಕಡಿಮೆ.

ರಾಜ್ಯಗಳೂ ಸುಮ್ಮನಿರಲಿಲ್ಲ. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಅದರ ಒಲವು ಕಾರ್ಖಾನೆಗಳ ಕಡೆಗಿತ್ತು. ಮಹಾರಾಷ್ಟ್ರ 2018ರ ನೀತಿಯನ್ನು 2021ರ ಜುಲೈನಲ್ಲಿ ಬದಲಿಸಿ ಕೊಳ್ಳುವವರಿಗೆ ಕೈಚಾಚಿತು. ಬೇಗ ಕೊಂಡವರಿಗೆ ಸ್ಕೂಟರೊಂದಕ್ಕೆ 25,000 ರೂಪಾಯಿವರೆಗೆ ರಾಜ್ಯದ ನೆರವಿತ್ತು, ಅದು ಕೇಂದ್ರದ್ದಕ್ಕೆ ಹೆಚ್ಚುವರಿ. ಚಾರ್ಜಿಂಗ್ ಕೇಂದ್ರಗಳಿಗೂ ಊರುವಾರು ಗುರಿ ಬಂತು. ಮುಂಬೈಗೆ 1,500, ಪುಣೆಗೆ 500, ಸೊಲ್ಲಾಪುರಕ್ಕೆ 20. ನಿಧಾನ ಚಾರ್ಜರಿಗೆ ವೆಚ್ಚದ ಶೇ 60, ಗರಿಷ್ಠ 10,000 ರೂಪಾಯಿ.

ಆದರೆ ಪುಣೆ ಒಂದೇ ಊರಲ್ಲ. ಖರಾಡಿ, ಹಿಂಜವಡಿಯ ಅಪಾರ್ಟ್‌ಮೆಂಟಿನಲ್ಲಿ ಗುರುತು ಹಾಕಿದ ಪಾರ್ಕಿಂಗ್ ಇದೆ, ಗೋಡೆಗೆ ಪ್ಲಗ್ ಕೂರಿಸಬಹುದು. ಸೊಸೈಟಿ ಒಪ್ಪಿದರೆ ಆಯಿತು. ಕಸಬಾ ಪೇಠ, ಶನಿವಾರ ಪೇಠಗಳ ಹಳೆಯ ವಾಡೆಯಲ್ಲಿ ಬಾಡಿಗೆಗಿರುವವರ ಸ್ಕೂಟರ್ ನಿಲ್ಲುವುದು ಗಲ್ಲಿಯಲ್ಲಿ. ಬ್ಯಾಟರಿ ತೆಗೆದು ಮೇಲೆ ಒಯ್ಯುವ ಮಾದರಿ ಬೇಕು, ಇಲ್ಲವೇ ಸಾರ್ವಜನಿಕ ಚಾರ್ಜರ್. ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಮನೆಯ ದರ. ಹೊರಗೆ ಮಾಡುವವರು ಚಾರ್ಜರ್ ಇಟ್ಟವರ ಖರ್ಚು ಲಾಭ ಸೇರಿಸಿ ತೆರಬೇಕು. ಸಬ್ಸಿಡಿಯ ನಿಯಮ ಬ್ಯಾಟರಿಯನ್ನು ಅಳೆಯಿತು, ಬೆಲೆಯನ್ನು ಅಳೆಯಿತು. ಕೊಳ್ಳುವವರ ಬಳಿ ಪ್ಲಗ್ ಇದೆಯೇ ಎಂದು ಕೇಳಲಿಲ್ಲ.

ಕೊಟ್ಟದ್ದನ್ನು ಹಿಂತೆಗೆಯುವ ಕಾಲವೂ ಬಂತು. 2024ರಲ್ಲಿ ಕರ್ನಾಟಕ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಹಾಕಿತು. ಮಹಾರಾಷ್ಟ್ರ 2025ರ ಬಜೆಟ್‌ನಲ್ಲಿ 30 ಲಕ್ಷ ಮೀರಿದವಕ್ಕೆ ಶೇ 6 ಎಂದು ಹೇಳಿ, ಅದೇ ತಿಂಗಳು ಕೈಬಿಟ್ಟಿತು. ಬಳಿಕ 2030ರವರೆಗಿನ 1,993 ಕೋಟಿ ರೂಪಾಯಿಯ ಹೊಸ ನೀತಿ ತಂದು, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ವಿದ್ಯುತ್ ಕಾರು ಬಸ್ಸುಗಳಿಗೆ ಟೋಲ್ ಮಾಫಿ ಘೋಷಿಸಿತು. ಕೇಂದ್ರವು ದ್ವಿಚಕ್ರಗಳ ಸಬ್ಸಿಡಿಗೆ 2026ರ ಮಾರ್ಚ್ 31 ಕೊನೆಯೆಂದು 2025ರ ಆಗಸ್ಟ್‌ನಲ್ಲೇ ಪ್ರಕಟಿಸಿತು. ಈ ಬಾರಿಯ ಗಡುವು ಕೊಳ್ಳುವವರಿಗೂ ಮಾಡುವವರಿಗೂ ಮುಂಚೆಯೇ ತಿಳಿಯಿತು. 2023ರಲ್ಲಿ ಹತ್ತೇ ದಿನ ತಡವಾಗಿ ಅಂಗಡಿಗೆ ಹೋದವರಿಗೆ ಆ ಅನುಕೂಲ ಇರಲಿಲ್ಲ.

ಆಕುರ್ಡಿಯಲ್ಲಿ, ಹಳೆಯ ಚೇತಕ್ ಹುಟ್ಟಿದ ಜಾಗದಲ್ಲೇ, 2022ರ ಜೂನ್‌ನಲ್ಲಿ ವಿದ್ಯುತ್ ವಾಹನಗಳ ಕಾರ್ಖಾನೆ ಶುರುವಾಯಿತು. 1972ರಲ್ಲೇ ಪುಣೆಯ ಫಿರೋದಿಯಾ ಕುಟುಂಬ ತಂದಿದ್ದ ಲೂನಾ ಕೂಡ 2024ರಲ್ಲಿ ಬ್ಯಾಟರಿ ಹೊತ್ತು ಮರಳಿತು. ಇಂದು ಈ ಗಾಡಿಗಳಿಗೆ ಯಾರೂ ಹತ್ತು ವರ್ಷ ಕಾಯಬೇಕಿಲ್ಲ. ಪೇಠದ ಗಲ್ಲಿಯಲ್ಲಿ ಇರುವವರು ಕಾಯುತ್ತಿರುವುದು ಗಾಡಿಗಲ್ಲ, ಅದನ್ನು ರಾತ್ರಿ ಚುಚ್ಚಿಡಲು ಒಂದು ಪ್ಲಗ್ಗಿಗೆ.